ಹಳೇ ಕಾರಿಗೆ ಬಣ್ಣ ಕೊನೆಗೆ

ಹಳೇ ಕಾರೊಂದನ್ನು ಸರಿ ಮಾಡಿಸ್ತಿದ್ದೀನಿ ಅಂತ ಯಾರಿಗಾದರೂ ಹೇಳಿ ನೋಡಿ. ಮೊದಲ ಪ್ರಶ್ನೆ, "ಇಂಜಿನ್ ಹೇಗಿದೆ?" ಎರಡನೆಯದು, "ಯಾವ ಕಲರ್ ಹೊಡೆಸ್ತೀರಾ?" ಮೂರನೆಯದು, ಸ್ವಲ್ಪ ಸಂಕೋಚದಿಂದ, "ಎಷ್ಟಾಗತ್ತೆ?" ಕಳೆದೊಂದು ವರ್ಷದಲ್ಲಿ ಈ ಮೂರು ಪ್ರಶ್ನೆಗಳನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೀನೋ ಲೆಕ್ಕವಿಲ್ಲ. ಕಾರಿನ ನೆಲ ಹೇಗಿದೆ, ವೈರಿಂಗ್ ಹೇಗಿದೆ, ಬ್ರೇಕ್ ಪೈಪ್ ಹೇಗಿದೆ ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.

ನನ್ನ ವಾದ ಇಷ್ಟೇ. ಹಳೇ ಕಾರಿಗೆ ಮರುಜೀವ ಕೊಡೋದರಲ್ಲಿ ನಿಜವಾಗಿ ಕಷ್ಟದ ಕೆಲಸಗಳೆಲ್ಲ ಕಣ್ಣಿಗೆ ಕಾಣದ ಕೆಲಸಗಳು. ಕಾಣದ್ದರಿಂದ ಅವನ್ನು ಯಾರೂ ಹೊಗಳೋದಿಲ್ಲ, ಹೊಗಳದ್ದರಿಂದ ಯಾರೂ ದುಡ್ಡು ಹಾಕೋದಿಲ್ಲ, ದುಡ್ಡು ಹಾಕದ್ದರಿಂದ ಎಷ್ಟೋ ಒಳ್ಳೊಳ್ಳೆ ಕಾರುಗಳು ಹೊರಗೆ ಫಳಫಳ ಹೊಳೆಯುತ್ತಾ ಒಳಗೊಳಗೇ ಸಾಯ್ತಿವೆ.

ನಮ್ಮದು ೧೯೭೫ರ ಪ್ರೀಮಿಯರ್ ಪದ್ಮಿನಿ. ಅಜ್ಜನ ಕಾರು, ತೀರ್ಥಹಳ್ಳಿ ಕಡೆಯದು. ಗೊತ್ತಿಲ್ಲದವರಿಗೆ ಎರಡು ಮಾತು: ಇಟಲಿಯ ಫಿಯೆಟ್ ೧೧೦೦ ಡಿ ಮಾದರಿಯನ್ನು ೧೯೬೪ರಿಂದ ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ತಯಾರಿಸಿದರು. ೧೯೭೪ರ ಹೊತ್ತಿಗೆ ಅದಕ್ಕೆ ಪದ್ಮಿನಿ ಅಂತ ಹೆಸರಾಯ್ತು. ೧೦೮೯ ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಹೆಸರು ಏನೇ ಆದರೂ ನಮ್ಮೂರಲ್ಲಿ ಅದು ಕೊನೇವರೆಗೂ "ಫಿಯೆಟ್ಟು".

ಮೊದಲು ಇಂಜಿನ್ ವಿಷಯ ಮುಗಿಸಿಬಿಡ್ತೀನಿ. ಅದು ಸುಲಭ ಅಂತಲ್ಲ. ಆದರೆ ಅದಕ್ಕೊಂದು ಅಳತೆ ಇದೆ. ಸಿಲಿಂಡರ್ ಎಷ್ಟು ಸವೆದಿದೆ ಅಂತ ಗೇಜ್ ಇಟ್ಟು ನೋಡಬಹುದು. ಸವೆದಿದ್ದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬಹುದು. ಕ್ರ್ಯಾಂಕ್ ಗ್ರೈಂಡ್ ಮಾಡಿಸಬಹುದು, ವಾಲ್ವ್ ಕೂರಿಸಬಹುದು. ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಲೇತ್ ಇಟ್ಟುಕೊಂಡು ಈ ಕೆಲಸ ಮಾಡುವವರು ಇನ್ನೂ ಇದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಇಂಜಿನ್ ಸುಳ್ಳು ಹೇಳಲ್ಲ. ಸ್ಟಾರ್ಟ್ ಆಗತ್ತೆ ಅಥವಾ ಆಗಲ್ಲ, ಹೊಗೆ ಬರತ್ತೆ ಅಥವಾ ಬರಲ್ಲ.

ತಗಡು ಹಾಗಲ್ಲ. ತಗಡು ಸುಳ್ಳು ಹೇಳತ್ತೆ.

ಪದ್ಮಿನಿಗಾಗಲಿ ಅಂಬಾಸಿಡರ್‌ಗಾಗಲಿ ಹಳೇ ಜೀಪಿಗಿದ್ದ ಹಾಗೆ ಬೇರೆಯೇ ಒಂದು ಚಾಸಿ ಇಲ್ಲ. ಬಾಡಿಯೇ ಚಾಸಿ, ತಗಡೇ ಎಲುಬು. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೊಸ್ತಿಲಿನ ಥರ ಒಂದು ಟೊಳ್ಳು ಪೆಟ್ಟಿಗೆ ಇರತ್ತಲ್ಲ, ಇಡೀ ಕಾರು ನೆಟ್ಟಗೆ ನಿಂತಿರೋದೇ ಅದರ ಮತ್ತು ನೆಲದ ತಗಡಿನ ಬಲದ ಮೇಲೆ. ತುಕ್ಕು ಮೊದಲು ಹಿಡಿಯೋದೂ ಅಲ್ಲೇ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಒಣಗಿ ಬಿರುಕು ಬಿಟ್ಟರೆ ಮಳೆನೀರು ಸದ್ದಿಲ್ಲದೆ ಇಳಿದು ಮ್ಯಾಟಿನ ಅಡಿ ಕೂರತ್ತೆ. ಬಾಗಿಲ ತಳದಲ್ಲಿ ನೀರು ಹೋಗಲಿ ಅಂತ ಇಟ್ಟ ಸಣ್ಣ ತೂತುಗಳು ಕಸ, ಮಣ್ಣು ತುಂಬಿ ಮುಚ್ಚಿಕೊಳ್ತವೆ. ಎರಡು ತಗಡುಗಳನ್ನು ಸ್ಪಾಟ್ ವೆಲ್ಡ್ ಮಾಡಿ ಸೇರಿಸಿದ ಸಂದಿಯಲ್ಲಿ ತೇವ ನಿಂತರೆ ಅದನ್ನು ಒರೆಸೋಕೆ ದೇವರ ಕೈಯಲ್ಲೂ ಆಗಲ್ಲ. ಮಲೆನಾಡಿನ ಮಳೆ, ಕರಾವಳಿಯ ಉಪ್ಪುಗಾಳಿ ಕಂಡ ಕಾರಾದರಂತೂ ಕೇಳಲೇಬೇಡಿ. ಹೊರಗೆ ಕಡಲೆಕಾಳಿನಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ತೂತು ಅಂತ ಲೆಕ್ಕ.

ನಮ್ಮ ಕಾರಿಗೇ ಎಂಟು ವರ್ಷದ ಹಿಂದೆ ಮನೆಯವರು ಒಂದು ಕಡೆ "ಫುಲ್ ಬಾಡಿ ಕೆಲಸ" ಮಾಡಿಸಿದ್ದರು. ಎಲ್ಲಿ ಅನ್ನೋದು ಬೇಡ. ಈಗ ಬಣ್ಣ ಕೆರೆದು ನೋಡಿದರೆ ಹೊಸ್ತಿಲಿನ ತೂತಿಗೆ ದಿನಪತ್ರಿಕೆ ಉಂಡೆ ಮಾಡಿ ತುರುಕಿ, ಮೇಲೆ ಬೆರಳು ದಪ್ಪ ಪುಟ್ಟಿ ಮೆತ್ತಿ, ನಯವಾಗಿ ಉಜ್ಜಿ ಬಣ್ಣ ಹೊಡೆದಿದ್ದಾರೆ. ಒಳಗಿದ್ದದ್ದು ವಧು-ವರರ ಅಂಕಣ, ಇನ್ನೂ ಓದೋ ಹಾಗಿತ್ತು :-) ನಗು ಬಂತು, ಆಮೇಲೆ ಮೈ ಝುಮ್ಮೆಂದಿತು. ಆ ಎಂಟು ವರ್ಷದಲ್ಲಿ ಎಷ್ಟು ಸಲ ಮನೆಮಂದಿಯೆಲ್ಲ ಇದೇ ಕಾರಲ್ಲಿ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಬಂದಿದ್ದಾರೆ! ಎಂಟು ವರ್ಷ ಎಲ್ಲರೂ ಆ ಕಾರು ನೋಡಿ "ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ" ಅಂದಿದ್ದರು.

ಸರಿಯಾಗಿ ಮಾಡೋದಾದರೆ ಈ ಕೆಲಸ ಎಷ್ಟು ನಿಧಾನ ಗೊತ್ತಾ? ಕೊಳೆತ ತಗಡು ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ ಬಾಡಿ ಅಲುಗದ ಹಾಗೆ ಹಿಡಿದಿಡಬೇಕು. ಇಲ್ಲದಿದ್ದರೆ ಕಾರು ನಡುವಲ್ಲಿ ಬಾಗತ್ತೆ, ಆಮೇಲೆ ಜನ್ಮದಲ್ಲಿ ಬಾಗಿಲು ಸರಿಯಾಗಿ ಕೂರಲ್ಲ. ಹೊಸ ತಗಡನ್ನು ಅದೇ ಮಡಿಕೆ, ಅದೇ ಬಾಗಿಗೆ ತಟ್ಟಿ ತರಬೇಕು. ವೆಲ್ಡಿಂಗನ್ನು ಒಂದೇ ಸಲ ಎಳೆದರೆ ಶಾಖಕ್ಕೆ ತಗಡು ಹಪ್ಪಳದ ಹಾಗೆ ಸುಕ್ಕಾಗತ್ತೆ. ಹಾಗಾಗಿ ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ತಣಿಯಲು ಬಿಡಬೇಕು. ಕೊನೆಗೆ ಟೊಳ್ಳು ಜಾಗದೊಳಗೆಲ್ಲ ಮೇಣ ಸಿಂಪಡಿಸಬೇಕು. ಇಷ್ಟೆಲ್ಲ ಆದ ಮೇಲೆ ಅದು ಕಾರ್ಪೆಟ್ ಕೆಳಗೆ ಮುಚ್ಚಿಹೋಗತ್ತೆ! ನಮ್ಮ ಕಾರಿನ ಕೆಲಸ ಮಾಡ್ತಿರೋ ಶಿವಮೊಗ್ಗದ ಟಿಂಕರ್ ಯಜಮಾನರು ಹೇಳೋದು ಒಂದೇ ಮಾತು: "ಬಣ್ಣ ಯಾರ್ ಬೇಕಾದ್ರೂ ಹೊಡೀತಾರೆ ತಮ್ಮಾ. ತಗಡು ತಟ್ಟೋಕೆ ಸೈರಣೆ ಬೇಕು, ಅದಕ್ಕೆ ಯಾರೂ ದುಡ್ ಕೊಡಲ್ಲ."

ಹಳೇ ಕಾರು ಕೊಳ್ಳುವವರಿಗೊಂದು ಬಿಟ್ಟಿ ಸಲಹೆ: ಬಟ್ಟೆ ಸುತ್ತಿದ ಒಂದು ಆಯಸ್ಕಾಂತ ತಗೊಂಡು ಹೋಗಿ, ಬಾಗಿಲ ಕೆಳಭಾಗಕ್ಕೆಲ್ಲ ಇಟ್ಟು ನೋಡಿ. ಎಲ್ಲಿ ಅಂಟಲ್ವೋ ಅಲ್ಲಿ ಪುಟ್ಟಿ. ಮಾರುವವರ ಮುಖ ಆಗ ನೋಡೋ ಹಾಗಿರತ್ತೆ.

ಎರಡನೇ ಕಷ್ಟದ ಕೆಲಸ ವೈರಿಂಗ್. ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಐವತ್ತು ವರ್ಷದ ಕಾರಿನ ವೈರಿಂಗ್ ನೋಡಿದಾಗ ನೆನಪಾಗೋದು ನಮ್ಮ ಆಫೀಸಿನ ಹಳೇ ಕೋಡು. ಬರೆದವನು ಕೆಲಸ ಬಿಟ್ಟು ಹೋಗಿದ್ದಾನೆ, ಒಂದು ಸಾಲು ಕಾಮೆಂಟಿಲ್ಲ, ನಡುವೆ ಬಂದ ಹತ್ತು ಜನ ಹತ್ತು ತೇಪೆ ಹಾಕಿದ್ದಾರೆ, ಯಾವುದನ್ನು ತೆಗೆದರೆ ಯಾವುದು ನಿಲ್ಲತ್ತೋ ಗೊತ್ತಿಲ್ಲ. ಹಾರ್ನಿಗೆಂದು ಎಳೆದ ತಂತಿಯಿಂದ ಟೇಪ್‌ರೆಕಾರ್ಡರ್, ಅದರಿಂದ ಫಾಗ್ ಲ್ಯಾಂಪ್... ಫ್ಯೂಸ್ ಸುಟ್ಟ ಕಡೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ!

ಇಲ್ಲಿ ಮಾಡಿಫಿಕೇಶನ್ ಭೂತ ಬಂದರೆ ಅಪಾಯ ಇನ್ನೂ ಹೆಚ್ಚು. ಬೆಳಕು ಸಾಲದು ಅಂತ ನೂರು ವಾಟಿನ ಎರಡು ಬಲ್ಬ್ ಹಾಕಿಸ್ತಾರೆ. ೧೨ ವೋಲ್ಟಿಗೆ ೨೦೦ ವಾಟ್ ಅಂದರೆ ಹತ್ತಿರ ಹತ್ತಿರ ೧೭ ಆಂಪಿಯರ್. ರಿಲೇ ಇಲ್ಲದ ಹಳೇ ಕಾರಲ್ಲಿ ಅಷ್ಟೂ ಕರೆಂಟು ಹಾದುಹೋಗೋದು ಡ್ಯಾಶ್‌ಬೋರ್ಡಿನ ಆ ಬಡಪಾಯಿ ಸ್ವಿಚ್ ಮೂಲಕ, ಅರ್ಧ ಬಿರಿದ ತಂತಿ ಮೂಲಕ. ಬಹಳಷ್ಟು ಹಳೇ ಕಾರುಗಳು ರಸ್ತೆ ಮೇಲೆ ಹೊತ್ತಿ ಉರಿಯೋದು ಇಂಥ ಸಣ್ಣ ಸಣ್ಣ ಆಸೆಗಳಿಂದಲೇ. ಹೊಸ ವೈರಿಂಗ್, ಪ್ರತಿಯೊಂದಕ್ಕೂ ಫ್ಯೂಸ್, ಹೆಡ್‌ಲೈಟಿಗೆ ರಿಲೇ... ಇದನ್ನು ಫೋಟೋ ತೆಗೆದು ಯಾರೂ ತೋರಿಸಲ್ಲ. ಆದರೆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬರೋದು ಇದರಿಂದ.

ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು, ಸ್ಪ್ಯಾನರ್ ಹಿಡಿದು ಮಾಡೋ ಕೆಲಸವೇ ಅಲ್ಲ. ಏನನ್ನು ಮುಟ್ಟಬಾರದು ಅಂತ ತೀರ್ಮಾನಿಸೋದು.

ನಮ್ಮ ಚಿಕ್ಕಪ್ಪನಿಗೆ ಕಾರಿಗೆ ಏಸಿ ಬೇಕು, ಮುಂದೆ ಡಿಸ್ಕ್ ಬ್ರೇಕ್ ಬೇಕು, ಅಗಲದ ಅಲಾಯ್ ವೀಲ್ ಬೇಕು. "ಕಾಲಕ್ಕೆ ತಕ್ಕ ಹಾಗೆ ಮಾಡಿಸಬೇಕಪ್ಪ" ಅನ್ನೋದು ಅವರ ವಾದ. ಕೇಳೋಕೆ ಸರಿಯಾಗೇ ಇದೆ. ಆದರೆ ಹಳೇ ಕಾರಲ್ಲಿ ಒಂದನ್ನು ಬದಲಿಸಿದರೆ ಅದು ಒಂದಕ್ಕೇ ನಿಲ್ಲಲ್ಲ. ಡಿಸ್ಕ್ ಬ್ರೇಕಿಗೆ ಡ್ರಮ್ಮಿಗಿಂತ ಜೋರಾಗಿ ಪೆಡಲ್ ತುಳಿಯಬೇಕು, ಆದ್ದರಿಂದ ಬೂಸ್ಟರ್ ಬೇಕು. ಬೂಸ್ಟರಿಗೆ ಜಾಗ ಬೇಕು, ಬೇರೆ ಮಾಸ್ಟರ್ ಸಿಲಿಂಡರ್ ಬೇಕು. ಮುಂದಿನ ಬ್ರೇಕ್ ಬಿಗಿಯಾದರೆ ಹಿಂದಿನದರ ಜತೆ ಹೊಂದಾಣಿಕೆ ನೋಡಬೇಕು. ಏಸಿ ಹಾಕಿದರೆ ದೊಡ್ಡ ಆಲ್ಟರ್ನೇಟರ್, ದೊಡ್ಡ ರೇಡಿಯೇಟರ್ ಬೇಕು, ನಲವತ್ತರ ಆಸುಪಾಸಿನ ಅಶ್ವಶಕ್ತಿಯಲ್ಲಿ ಒಂದು ಪಾಲು ಅದಕ್ಕೇ ಹೋಗತ್ತೆ. ಸಾಲದ್ದಕ್ಕೆ ಆಗ "ಇಂಜಿನ್ನೇ ಬದಲಿಸಿಬಿಡೋಣ" ಅನ್ನೋ ಮಾತು ಬರತ್ತೆ. ಕೊನೆಗೆ ಉಳಿಯೋದು ಅಜ್ಜನ ಕಾರಿನ ಮುಖವಾಡ ಹಾಕಿಕೊಂಡ ಇನ್ಯಾವುದೋ ಕಾರು.

ಏನೂ ಬದಲಿಸಲೇಬೇಡಿ ಅಂತ ನಾನು ಹೇಳ್ತಿಲ್ಲ. ಓಡದ ಕಾರು ಹೇಗೂ ಸಾಯತ್ತೆ, ಓಡಬೇಕಾದರೆ ಸುರಕ್ಷಿತವಾಗಿರಬೇಕು. ನಾನಿಟ್ಟುಕೊಂಡ ನಿಯಮ ಎರಡೇ. ಬದಲಾವಣೆ ಜೀವ ಉಳಿಸುವಂಥದ್ದಾಗಿರಬೇಕು, ನಾಳೆ ಬೇಡವೆಂದರೆ ಬಿಚ್ಚಿ ಮೊದಲಿನ ಹಾಗೆ ಮಾಡುವಂತಿರಬೇಕು. ರಿಲೇ, ಆಲ್ಟರ್ನೇಟರ್, ರೇಡಿಯಲ್ ಟೈರ್, ಸೀಟ್ ಬೆಲ್ಟ್ ಇವೆಲ್ಲ ಪಾಸ್. ಹೊಸ ವೀಲ್ ಸಿಲಿಂಡರ್, ಹೊಸ ಹೋಸ್, ಹೊಸ ಪೈಪ್ ಹಾಕಿ ಸರಿಯಾಗಿ ಅಡ್ಜಸ್ಟ್ ಮಾಡಿದ ಡ್ರಮ್ ಬ್ರೇಕ್ ಆ ಕಾರಿನ ವೇಗಕ್ಕೆ ಧಾರಾಳ ಸಾಕು. ಅಂದಹಾಗೆ, ಸೀಟ್ ಬೆಲ್ಟ್ ಬೋಲ್ಟ್ ಮಾಡೋದು ಎಲ್ಲಿಗೆ? ಅದೇ ತಗಡಿಗೆ. ಪೇಪರ್ ಉಂಡೆಯ ಮೇಲೆ ಕೂತ ಪುಟ್ಟಿಗೆ ಬಿಗಿದ ಬೆಲ್ಟ್ ಬರೀ ಅಲಂಕಾರ. ಎಲ್ಲಿಂದ ಹೊರಟರೂ ತಗಡಿಗೇ ಬಂದು ನಿಲ್ಲತ್ತೆ ನೋಡಿ!

ಕಾನೂನೂ ಇದೇ ದಿಕ್ಕಿನಲ್ಲಿದೆ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ ಅಂತ ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ೨೦೨೧ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮದ ಪ್ರಕಾರ ಆ ಮಾನ್ಯತೆ ಸಿಗೋದು ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ ಮೂಲರೂಪದಲ್ಲೇ ಉಳಿದಿರುವ ವಾಹನಗಳಿಗೆ ಮಾತ್ರ. ಇಂಜಿನ್ ಬದಲಿಸುವ ಮುಂಚೆ ಆರ್‌ಟಿಓ ನೆನಪಿರಲಿ.

ಇದನ್ನೆಲ್ಲ ಈಗ ಬರೆಯೋಕೆ ಕಾರಣವಿದೆ. ೨೦೨೩ರ ಅಕ್ಟೋಬರ್‌ನಲ್ಲಿ ಮುಂಬೈನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು. ಇಷ್ಟು ದಿನ ಬಿಡಿಭಾಗಗಳು ಸಿಗ್ತಿದ್ದದ್ದರ ಹಿಂದೆ ಆ ಟ್ಯಾಕ್ಸಿಗಳ ದೊಡ್ಡ ಪಾಲಿತ್ತು. ಭಾಗಗಳನ್ನಾದರೂ ಜೆ.ಸಿ. ರೋಡು, ಶಿವಾಜಿನಗರದ ಗುಜರಿ ಅಂತ ಸುತ್ತಾಡಿ ಹುಡುಕಬಹುದು. ಕೈಗಳನ್ನು ಎಲ್ಲಿ ಹುಡುಕೋಣ? ಈಗಿನ ಗ್ಯಾರೇಜಲ್ಲಿ ಜಜ್ಜಿದ ಪ್ಯಾನೆಲ್ ಬಿಸಾಕಿ ಹೊಸದು ಹಾಕ್ತಾರೆ, ತಟ್ಟುವವರಿಲ್ಲ. ನಮ್ಮ ಟಿಂಕರ್ ಯಜಮಾನರಿಗೆ ಅರವತ್ತು ದಾಟಿದೆ. ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅವನನ್ನು ದೂರೋಕೆ ನನಗೆ ಬಾಯಿಲ್ಲ, ಆ ಕೆಲಸಕ್ಕೆ ನಾವು ಕೊಡ್ತಿದ್ದ ಬೆಲೆ ಅವನೂ ನೋಡಿಕೊಂಡೇ ಬೆಳೆದಿದ್ದಾನೆ.

ಹಾಗಾಗಿ ನನ್ನ ಲೆಕ್ಕದಲ್ಲಿ ದುಡ್ಡು ಹಾಕಬೇಕಾದ ಕ್ರಮ ಹೀಗೆ: ಮೊದಲು ತಗಡು, ಆಮೇಲೆ ಬ್ರೇಕು, ಆಮೇಲೆ ವೈರಿಂಗು, ಆಮೇಲೆ ಇಂಜಿನ್ನು. ಬಣ್ಣ ಕಟ್ಟಕಡೆಗೆ. ದುಡ್ಡು ಬಣ್ಣದವರೆಗೆ ಬರದಿದ್ದರೆ ಪ್ರೈಮರ್ ಬಳಿದುಕೊಂಡೇ ಒಂದು ವರ್ಷ ಓಡಾಡಿ, ಮರ್ಯಾದೆಯೇನೂ ಹೋಗಲ್ಲ. ಆದರೆ ಟಿಂಕರ್ ಕೆಲಸದ ಕೂಲಿಯಲ್ಲಿ ಮಾತ್ರ ಚೌಕಾಸಿ ಬೇಡ.

ನಿಮ್ಮ ಮನೆ ಹಿಂದೆ, ಟಾರ್ಪಾಲು ಹೊದ್ದ ಅಂಬಾಸಿಡರೋ ಫಿಯೆಟ್ಟೋ ಇದೆಯಾ? ಈ ಭಾನುವಾರ ಮ್ಯಾಟ್ ಎತ್ತಿ ನೆಲ ಒಮ್ಮೆ ನೋಡಿ. ಏನು ಕಂಡಿತು ಅಂತ ಹೇಳಿ. ಮತ್ತೆ, ಏಸಿ ವಿಷಯದಲ್ಲಿ ಚಿಕ್ಕಪ್ಪನ ಪರ ಇರುವವರು ಎಷ್ಟು ಜನ ಅನ್ನೋದೂ ಗೊತ್ತಾಗಲಿ :-)