ಪತಿಯ ಹೆಸರಿನಾಚೆಗೆ

ಲೋಣಾವಳಾದ ಕನ್ನಡ ಜೈನ ಕುಟುಂಬಗಳಿಗೆ ಪುಣೆಯ ಆಗಾಖಾನ್ ಅರಮನೆ ದೂರವಲ್ಲ. 1944ರ ಫೆಬ್ರವರಿ 22ರಂದು ಕಸ್ತೂರಬಾ ಅಲ್ಲಿ ಬಂಧನದಲ್ಲಿಯೇ ಕೊನೆಯುಸಿರೆಳೆದರು. ಅವರ ಸ್ಮಾರಕ ನಿಧಿ ಗ್ರಾಮೀಣ ಸ್ತ್ರೀಯರ ಮತ್ತು ಮಕ್ಕಳ ಸೇವೆಗೆ ಮೀಸಲಾಯಿತು. ಆ ಕಾರ್ಯವನ್ನು ಅರಸೀಕೆರೆಯಲ್ಲಿ ನೆಲೆಗೊಳಿಸಿದವರು ಯಶೋಧರಾ ದಾಸಪ್ಪ. ನೆಹರೂ ಸಂಪುಟದ ಸಚಿವ ಎಚ್. ಸಿ. ದಾಸಪ್ಪನವರ ಪತ್ನಿ ಎಂಬುದಷ್ಟೇ ಅವರ ಪರಿಚಯವಲ್ಲ. ಸ್ವತಃ ರಾಜ್ಯದ ಸಚಿವೆಯಾಗಿದ್ದ ಅವರು, ನಿಜಲಿಂಗಪ್ಪ ಸರ್ಕಾರ ಪಾನನಿರೋಧವನ್ನು ಕೈಬಿಡಹೊರಟಾಗ ಅಧಿಕಾರವನ್ನೇ ತ್ಯಜಿಸಿದರು.

ಅಬಕಾರಿ ಸುಂಕ ಬೊಕ್ಕಸವನ್ನು ತುಂಬಬಹುದು. ಕುಡುಕನ ಮನೆಯ ನಷ್ಟ ಯಾವ ಆಯವ್ಯಯ ಪತ್ರದಲ್ಲಿಯೂ ಕಾಣದು. ಆ ನಷ್ಟವನ್ನು ಯಶೋಧರಾ ಕಂಡಿದ್ದರು. ಪದವಿಯಲ್ಲಿದ್ದುದರಿಂದಲೇ ಅವರ ವಿರೋಧಕ್ಕೆ ತೂಕ ಬಂದಿತು.

ನಮ್ಮ ಎಷ್ಟೋ ಸಂಘಗಳಲ್ಲಿ ಅಧ್ಯಕ್ಷರ ಪತ್ನಿಗೆ ವೇದಿಕೆಯ ಮೇಲೆ ಹಾರವುಂಟು, ಠರಾವಿನ ಮೇಲೆ ಮತವಿಲ್ಲ. ಮುಂದಿನ ಆಡಳಿತ ಮಂಡಳಿಯಲ್ಲಿ ಸ್ತ್ರೀಯರಿಗೆ ಮತವೂ ಖಜಾಂಚಿಯ ಸ್ಥಾನವೂ ಸಲ್ಲಲಿ.