ಶಿಲುಬೆಯನ್ನು ಯಾರ ಹೆಗಲಿಗೆ ಹೊರಿಸುತ್ತಿದ್ದೇವೆ?

ಲೆಂತು ದಿನಗಳು ಬಂದವೆಂದರೆ ನಮ್ಮವರ ಎಷ್ಟೋ ಮನೆಗಳಲ್ಲಿ ಮಾಂಸದ ಅಡುಗೆ ನಿಲ್ಲುತ್ತದೆ. ಕೆಲವರು ಚಹಾ ಬಿಡುತ್ತಾರೆ. ಈಚೆಗೆ ಮೊಬೈಲನ್ನು ದೂರವಿಡುವವರೂ ಇದ್ದಾರೆ. ನಲವತ್ತು ದಿನ ಕಳೆದು ಈಸ್ಟರ್ ಭಾನುವಾರ ಬಂದೊಡನೆ ಬಿಟ್ಟದ್ದೆಲ್ಲ ಬಡ್ಡಿಸಮೇತ ಮರಳುತ್ತದೆ. ಬಾಯಿ ಕಟ್ಟುವ ಅಭ್ಯಾಸ ಒಳ್ಳೆಯದೇ, ಹಾಸ್ಯ ಮಾಡುತ್ತಿಲ್ಲ. ಆದರೆ ‘ತನ್ನನ್ನು ನಿರಾಕರಿಸುವುದು’ ಮತ್ತು ‘ತನಗೆ ಪ್ರಿಯವಾದುದನ್ನು ಕೆಲವು ದಿನ ನಿರಾಕರಿಸುವುದು’ ಇವೆರಡಕ್ಕೂ ವ್ಯಾಕರಣದಲ್ಲಿಯೇ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕರ್ಮಪದ ‘ತಾನು’, ಎರಡನೆಯದರಲ್ಲಿ ಕೋಳಿಸಾರು. (ಕನ್ನಡ ಪಾಠ ಮಾಡಿದವನ ಚಾಳಿ ಇದು, ನನ್ನ ವಿದ್ಯಾರ್ಥಿಗಳಿಗೆ ಹೊಸದಲ್ಲ.)

ಶಿಲುಬೆ ಹೊತ್ತು ಹಿಂಬಾಲಿಸಬೇಕೆಂಬ ಕರೆಯನ್ನು ಮತ್ತಾಯ, ಮಾರ್ಕ, ಲೂಕ ಮೂವರೂ ದಾಖಲಿಸಿದ್ದಾರೆ. ಲೂಕನು ತನ್ನ ಒಂಬತ್ತನೆಯ ಅಧ್ಯಾಯದಲ್ಲಿ ‘ದಿನಾಲೂ’ ಎಂಬ ಅರ್ಥದ ಪದವೊಂದನ್ನು ಸೇರಿಸುತ್ತಾನೆ. ಆ ಮಾತನ್ನು ಮೊದಲು ಕೇಳಿದವರಿಗೆ ಶಿಲುಬೆಯೆಂದರೆ ಕೊರಳಿನ ಆಭರಣವಾಗಿರಲಿಲ್ಲ. ರೋಮನರು ಗುಲಾಮರನ್ನೂ ದಂಗೆಕೋರರನ್ನೂ ಊರ ಹೊರಗೆ ಎಲ್ಲರ ಕಣ್ಣೆದುರಿಗೆ ಕೊಲ್ಲುತ್ತಿದ್ದ ಮರ ಅದು.

ಈ ಕರೆಯನ್ನು ನಮ್ಮ ಕಾಲಕ್ಕೆ ಸಮೀಪದಲ್ಲಿ ಅಕ್ಷರಶಃ ಸ್ವೀಕರಿಸಿದವರಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವವರು ಜರ್ಮನಿಯ ಡೀಟ್ರಿಚ್ ಬೋನ್‌ಹೋಫರ್. 1937ರಲ್ಲಿ ಅವರು ಶಿಷ್ಯತ್ವವನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದರು. ಜರ್ಮನ್ ಶೀರ್ಷಿಕೆಗೆ ‘ಹಿಂಬಾಲಿಸುವಿಕೆ’ ಎಂದಷ್ಟೇ ಅರ್ಥ. ಇಂಗ್ಲಿಷಿಗೆ ಬಂದಾಗ ಅದರೊಡನೆ ‘ಬೆಲೆ’ ಎಂಬ ಮಾತೂ ಸೇರಿಕೊಂಡಿತು. ಪಶ್ಚಾತ್ತಾಪವಿಲ್ಲದೆ, ವಿಧೇಯತೆಯಿಲ್ಲದೆ ಹಂಚಲಾಗುವ ಕ್ಷಮೆ ಅಗ್ಗದ ಕೃಪೆ ಎಂಬುದು ಅವರ ವಾದ. ಅದೇ ವರ್ಷ ಅವರ ಫಿಂಕನ್‌ವಾಲ್ಡೆ ಗುರುವಿದ್ಯಾಲಯವನ್ನು ನಾಜಿ ಪೊಲೀಸರು ಮುಚ್ಚಿಸಿದರು.

ಬರೆದವರಿಗೆ ಬೆಲೆ ತೆರುವ ಸರದಿ 1939ರಲ್ಲಿ ಬಂತು. ಮಿತ್ರರ ಆಹ್ವಾನದ ಮೇಲೆ ಜೂನ್‌ನಲ್ಲಿ ನ್ಯೂಯಾರ್ಕಿಗೆ ಹೋದರು. ಅಲ್ಲಿ ಉದ್ಯೋಗವಿತ್ತು, ಸುರಕ್ಷೆಯಿತ್ತು. ಮುಂದಿನ ತಿಂಗಳೇ ಅವರು ಹಡಗು ಹತ್ತಿ ಮರಳಿದರು. ತನ್ನ ಜನರ ಸಂಕಟದಲ್ಲಿ ಪಾಲುಗೊಳ್ಳದವನಿಗೆ ಯುದ್ಧಾನಂತರ ಜರ್ಮನಿಯ ಕ್ರೈಸ್ತ ಜೀವನವನ್ನು ಕಟ್ಟುವ ಹಕ್ಕಿರುವುದಿಲ್ಲವೆಂಬುದು ಅವರು ಕೊಟ್ಟ ಕಾರಣ. ಹಿಟ್ಲರನ ವಿರುದ್ಧದ ಗುಪ್ತ ಪ್ರತಿರೋಧದಲ್ಲಿ ಸೇರಿದರು. 1943ರ ಜನವರಿಯಲ್ಲಿ ವಿವಾಹ ನಿಶ್ಚಯವಾಯಿತು, ಏಪ್ರಿಲ್‌ನಲ್ಲಿ ಬಂಧನ. 1945ರ ಏಪ್ರಿಲ್ 9ರಂದು ಫ್ಲಾಸನ್‌ಬರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದಾಗ ವಯಸ್ಸು 39. ಒಂದು ತಿಂಗಳೊಳಗೆ ಜರ್ಮನಿ ಶರಣಾಯಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಹಿಂದಿರುಗೆಂದು ಅವರನ್ನು ಯಾರೂ ಬಲವಂತಪಡಿಸಲಿಲ್ಲ. ನೋವನ್ನು ಅವರು ಅರಸಿ ಹೋಗಲೂ ಇಲ್ಲ. ಅನ್ಯಾಯವನ್ನು ಎದುರಿಸಹೊರಟಾಗ ಅದು ದಾರಿಯಲ್ಲಿ ಸಿಕ್ಕಿತು. ಕ್ರಿಸ್ತನಾದರೂ ಗೆತ್ಸೆಮನೆ ತೋಟದಲ್ಲಿ ಆ ಪಾತ್ರೆ ತನ್ನಿಂದ ದೂರವಾಗಲೆಂದೇ ಪ್ರಾರ್ಥಿಸಿದನು. ವಿಚಾರಣೆಯ ವೇಳೆ ಕಾವಲಿನವನೊಬ್ಬ ಕೆನ್ನೆಗೆ ಹೊಡೆದಾಗ, ನನ್ನನ್ನು ಏಕೆ ಹೊಡೆಯುತ್ತೀ ಎಂದು ಕೇಳಿದನೆಂದು ಯೋಹಾನನು ಬರೆದಿದ್ದಾನೆ. ಮತ್ತೊಂದು ಕೆನ್ನೆಯ ಮಾತನ್ನು ಬೋಧಿಸಿದವನೇ ಹೀಗೆ ಪ್ರಶ್ನಿಸಿದನೆಂಬುದನ್ನು ನಮ್ಮ ಪ್ರಸಂಗಗಳಲ್ಲಿ ನಾನು ಕೇಳಿದ್ದು ಅಪರೂಪ.

ನಾವು ಮಾಡುತ್ತಿರುವುದೇನು? ಕುಡಿದು ಬಂದ ಗಂಡನ ಕೈಯಲ್ಲಿ ಏಟು ತಿಂದ ಹೆಣ್ಣುಮಗಳು ಅಳುತ್ತ ಬಂದರೆ, ‘ಇದು ನಿನ್ನ ಶಿಲುಬೆ ತಾಯಿ, ಸಹಿಸಿಕೋ’ ಎನ್ನುತ್ತೇವೆ. ಹೇಳುವವರು ಕೆಟ್ಟವರೆಂದಲ್ಲ, ಕಣ್ಣೊರಸಿಕೊಂಡೇ ಹೇಳುತ್ತಾರೆ. ಆದರೆ ಒಬ್ಬನ ಪಾಪವನ್ನು ಇನ್ನೊಬ್ಬಳ ಹೆಗಲಿಗೆ ಹೊರಿಸಿ ಅದಕ್ಕೆ ಶಿಲುಬೆಯೆಂದು ಹೆಸರಿಡುವ ಅಧಿಕಾರವನ್ನು ಸುವಾರ್ತೆ ಯಾರಿಗೂ ಕೊಟ್ಟಿಲ್ಲ. ಅಲ್ಲಿ ಕರೆ ಇರುವುದು ‘ತನ್ನ’ ಶಿಲುಬೆಯನ್ನು ಹೊರಲು. ಕುರೇನೆಯ ಸೀಮೋನನ ಮೇಲೆ ಬೇರೊಬ್ಬರ ಶಿಲುಬೆಯನ್ನು ಬಲವಂತದಿಂದ ಹೊರಿಸಿದವರು ರೋಮನ್ ಸೈನಿಕರು, ಶಿಷ್ಯರಲ್ಲ.

ಆ ಮನೆಯಲ್ಲಿ ಆತ್ಮನಿರಾಕರಣೆಯ ಪಾಠ ಬೇಕಾಗಿರುವುದು ಗಂಡನಿಗೆ. ಬಿಡಬೇಕಾದದ್ದು ಅವನ ಸೀಸೆ, ಅವನ ಅಹಂಕಾರ, ಎತ್ತಿದ ಅವನ ಕೈ. ಇದನ್ನು ಅವನ ಮುಖಕ್ಕೆ ಹೇಳಹೋದರೆ ನಮ್ಮ ಶಾಂತಿ ಕೆಡುತ್ತದೆ, ನೆಂಟಸ್ತಿಕೆ ಹಳಸುತ್ತದೆ, ಸಭೆಯಲ್ಲಿ ಗುಂಪುಗಳಾಗುತ್ತವೆ; ಒಮ್ಮೊಮ್ಮೆ ಆ ತಾಯಿಮಕ್ಕಳಿಗೆ ನಮ್ಮ ಮನೆಯ ಒಂದು ಕೋಣೆಯನ್ನೇ ಬಿಟ್ಟುಕೊಡಬೇಕಾಗುತ್ತದೆ. ಲೆಂತಿನಲ್ಲಿ ಏನು ಬಿಡಲೆಂದು ಪ್ರತಿವರ್ಷ ನನ್ನನ್ನು ಕೇಳುವ ಬಂಧುಗಳಿಗೆ ಈ ಸಲ ಆ ಕೋಣೆಯ ಮಾತನ್ನೇ ಹೇಳಿದ್ದೇನೆ.