ತೋಳದ ಜಾಡು ಹಿಡಿದು

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬುದು ಕನ್ನಡದ ಹಳೆಯ ಗಾದೆ. ಗಾದೆಯಲ್ಲಿ ಆ ಪ್ರಾಣಿಯ ಮೇಲೆ ಕನಿಕರವಿಲ್ಲ, ಕಥೆಗಳಲ್ಲಿಯೂ ಇಲ್ಲ. ನೀರು ಕುಡಿಯಲು ಬಂದ ಕುರಿಮರಿಯೊಡನೆ ಕಾಲು ಕೆರೆದು ಜಗಳ ತೆಗೆದ ತೋಳ, ಸುಳ್ಳು ಕೂಗಿದ ಹುಡುಗನ ಮಂದೆಗೆ ಕಡೆಗೊಂದು ದಿನ ನಿಜವಾಗಿಯೂ ನುಗ್ಗಿದ ತೋಳ – ಇವನ್ನೇ ಕೇಳಿ ಬೆಳೆದವರಿಗೆ ಅದರ ಹೆಸರೆಂದರೆ ಕಪಟಕ್ಕೆ ಇನ್ನೊಂದು ಹೆಸರು. ಮಹಾಭಾರತದ ಭೀಮಸೇನನಿಗೆ ವೃಕೋದರ, ಎಂದರೆ ತೋಳದ ಹೊಟ್ಟೆಯವನು, ಎಂಬ ಬಿರುದು ಸಂದಿತಾದರೂ ಅದು ಅವನ ಹಸಿವಿಗೆ ಸಂದದ್ದೇ ಹೊರತು ಶೌರ್ಯಕ್ಕಲ್ಲ. ಇಷ್ಟು ಅಪಕೀರ್ತಿ ಹೊತ್ತ ಪ್ರಾಣಿಯನ್ನು ಕೊಲ್ಲುವುದಕ್ಕಲ್ಲದೆ, ಬರಿದೆ ಕಂಡು ಬರುವುದಕ್ಕಾಗಿ ಅದರ ಹೆಜ್ಜೆ ಹುಡುಕುತ್ತ ಹೋಗುವ ಜನ ಈಗ ಕೊಪ್ಪಳ ಜಿಲ್ಲೆಯಲ್ಲಿ ಇದ್ದಾರೆ.

ಕೊಪ್ಪಳವೆಂದೊಡನೆ ಪರಸ್ಥಳದವರ ಕಣ್ಣಿಗೆ ಕಟ್ಟುವುದು ಗಂಗಾವತಿಯ ಭತ್ತದ ಗದ್ದೆ, ತುಂಗಭದ್ರೆಯ ಎಡದಂಡೆ ಕಾಲುವೆ, ಆನೆಗೊಂದಿಯ ಬಂಡೆಗಳ ಮೇಲೆ ಕಪಿಗಳ ಹಿಂಡು. ಕಿಷ್ಕಿಂಧೆಯೆಂದು ಹೆಸರಾದ ಆ ನೆಲದಲ್ಲಿ ಕಪಿಗಳನ್ನು ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಯಾತ್ರಿಕರ ಕೈಯ ಬಾಳೆಹಣ್ಣನ್ನು ಹುಡುಕಿಕೊಂಡು ಅವೇ ಬರುತ್ತವೆ. ತೋಳದ ನಾಡು ಬೇರೆ. ಕಾಲುವೆಯ ನೀರು ಹತ್ತದ ಕಡೆ, ಕುಷ್ಟಗಿ ಯಲಬುರ್ಗಾಗಳ ಎರೆ ಮತ್ತು ಮಸಾರಿ ಹೊಲಗಳ ನಡುವೆ, ಗಂಗಾವತಿ ಸೀಮೆಯ ಒಣಗುಡ್ಡಗಳ ಸೆರಗಿನಲ್ಲಿ ಅದರ ವಾಸ. ಮಳೆ ಅಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಬಿದ್ದರೆ ರೈತನು ಸಂತುಷ್ಟ. ಹುಲ್ಲು ಮೊಣಕಾಲಿಗೆ ಮೀರಿ ಬೆಳೆಯುವುದಿಲ್ಲ. ಮರವೆಂದರೆ ಅಲ್ಲೊಂದು ಜಾಲಿ, ಇಲ್ಲೊಂದು ಬೇವು. ಸರ್ಕಾರದ ದಫ್ತರಗಳು ಇಂಥ ನೆಲವನ್ನು ಬಹುಕಾಲ ಪಾಳು ಭೂಮಿಯೆಂದೇ ಬರೆದುಕೊಂಡವು. ಚಿಗರಿ, ಮೊಲ, ನರಿ, ಕತ್ತೆಕಿರುಬ ಮತ್ತು ತೋಳಗಳಿಗೆ ಆ ಬರಹದ ಸುದ್ದಿ ತಲುಪಲಿಲ್ಲ.

ತೋಳವನ್ನು ಅರಸುವವರು ಹೊರಡುವುದು ಬೆಳಗಿನ ಜಾವದಲ್ಲಿ, ಚಳಿಗಾಲವಾದರೆ ಇನ್ನೂ ಒಳ್ಳೆಯದು. ರಾತ್ರಿಯೆಲ್ಲ ಅಲೆದ ಪ್ರಾಣಿ ಬಿಸಿಲೇರುವ ಮುನ್ನ ಮಲಗುವ ಜಾಗಕ್ಕೆ ಮರಳುತ್ತದೆ. ಆ ಒಂದೆರಡು ಗಳಿಗೆಯೇ ಅವರ ಅವಕಾಶ. ತೋಳಕ್ಕೂ ಮನುಷ್ಯನಂತೆಯೇ ಹಾದಿಯಿದ್ದಲ್ಲಿ ಹಾದಿಯನ್ನೇ ಹಿಡಿಯುವ ಅಭ್ಯಾಸವುಂಟು. ಆದುದರಿಂದ ಬಂಡಿದಾರಿಯ ಮೆತ್ತನೆಯ ಧೂಳೇ ಮೊದಲು ಓದಬೇಕಾದ ಪುಟ. ಊರ ನಾಯಿಯ ಹೆಜ್ಜೆ ಅತ್ತಿತ್ತ ಓಲಾಡುತ್ತ, ಪ್ರತಿ ಪೊದೆಯನ್ನೂ ಮೂಸುತ್ತ ಹೋಗಿರುತ್ತದೆ. ತೋಳದ್ದು ಹಾಗಲ್ಲ. ಮುಂಗಾಲು ಇಟ್ಟ ಗುರುತಿನಲ್ಲಿಯೇ ಹಿಂಗಾಲು ಬಿದ್ದು, ದಾರ ಹಿಡಿದು ಎಳೆದಂತೆ ನೇರವಾಗಿ ಸಾಗಿರುತ್ತದೆ. ಹೆಜ್ಜೆಯ ಆಕಾರವೂ ಕೊಂಚ ಉದ್ದ. ಹಾದಿಗಳು ಕೂಡುವ ಕಡೆ ಎದ್ದು ಕಾಣುವಂತೆ ಮಲವನ್ನು ಬಿಟ್ಟಿರುವುದುಂಟು. ಅದರೊಳಗಿನ ಕೂದಲು ಕುರಿಯದೋ ಮೊಲದ್ದೋ ಚಿಗರಿಯದೋ ಎಂದು ನೋಡಿದರೆ ಹಿಂದಿನ ರಾತ್ರಿಯ ಊಟದ ವಿವರ ದೊರೆಯುತ್ತದೆ. ಇಷ್ಟಾದ ಮೇಲೆಯೂ ಪ್ರಾಣಿ ಕಂಡೇ ಕಾಣುವುದೆಂಬ ಭರವಸೆಯಿಲ್ಲ. ಒಣಹುಲ್ಲಿನ ಬಣ್ಣದ ಆ ಮೈ ಒಣಹುಲ್ಲಿನ ನಡುವೆ ನಿಂತರೆ ತೀಕ್ಷ್ಣ ದೃಷ್ಟಿಯವರೂ ಮೋಸ ಹೋಗುತ್ತಾರೆ.

ಕಾಡುಪ್ರಾಣಿಯ ಜಾಡು ಹಿಡಿಯುವ ವಿದ್ಯೆಗೆ ಇಂದು ಜಗತ್ತಿನಲ್ಲೆಲ್ಲ ಹೆಸರಾಗಿರುವುದು ಆಫ್ರಿಕದ ಬೆಟ್ಟದ ಗೊರಿಲ್ಲಾ. ರುವಾಂಡ, ಉಗಾಂಡ, ಕಾಂಗೋ ದೇಶಗಳು ಸಂಧಿಸುವ ವಿರುಂಗಾ ಪರ್ವತಗಳಲ್ಲಿ ಮತ್ತು ಉಗಾಂಡದ ಬ್ವಿಂಡಿ ಅರಣ್ಯದಲ್ಲಿ ಮಾತ್ರ ಅದು ಉಳಿದಿದೆ. ಅಲ್ಲಿಯೂ ಜಾಡುಗಾರರು ಮುಂಜಾನೆ ಹೊರಟು, ಹಿಂದಿನ ರಾತ್ರಿ ಗೊರಿಲ್ಲಾಗಳು ಸೊಪ್ಪು ಮುರಿದು ಹಾಸಿಕೊಂಡ ಹಾಸಿಗೆಯಿಂದ ಹೆಜ್ಜೆ ಹಿಡಿಯುತ್ತಾರೆ. ಆದರೆ ಆ ವ್ಯವಸ್ಥೆಯ ಗುಟ್ಟು ಜಾಡಿನಲ್ಲಿಲ್ಲ, ಸಲಿಗೆಯಲ್ಲಿದೆ. ದಿನವೂ ಹೋಗಿ, ದೂರದಲ್ಲಿ ಕುಳಿತು, ಕೆಡುಕು ಮಾಡುವವರಲ್ಲವೆಂದು ಒಂದು ಕುಟುಂಬಕ್ಕೆ ಮನವರಿಕೆ ಮಾಡಿಕೊಡಲು ಎರಡು ಮೂರು ವರ್ಷಗಳೇ ಹಿಡಿಯುತ್ತವೆ. 1959ರಲ್ಲಿ ಜಾರ್ಜ್ ಶಾಲರ್, 1967ರಲ್ಲಿ ಡಯನ್ ಫಾಸಿ ಆ ತಾಳ್ಮೆಯ ದಾರಿಯನ್ನು ತೋರಿಸಿಕೊಟ್ಟರು. ಈಗ ದಿನಕ್ಕೆ ಎಂಟು ಮಂದಿ ಸಂದರ್ಶಕರು ಒಂದು ಗಂಟೆಯ ಕಾಲ ಆ ಕುಟುಂಬದ ಬಳಿ ಇರಬಹುದು. 2017ರಿಂದ ರುವಾಂಡ ಆ ಒಂದು ಗಂಟೆಗೆ 1500 ಡಾಲರ್ ವಸೂಲು ಮಾಡುತ್ತಿದೆ, ಉದ್ಯಾನದ ವರಮಾನದಲ್ಲಿ ನೂರಕ್ಕೆ 10 ಪಾಲನ್ನು ಸುತ್ತಲಿನ ಹಳ್ಳಿಗಳಿಗೆ ಬಿಡುತ್ತಿದೆ. 1980ರ ದಶಕದ ಆರಂಭದಲ್ಲಿ ವಿರುಂಗಾದಲ್ಲಿ 250ರ ಆಸುಪಾಸಿಗೆ ಇಳಿದಿದ್ದ ಗೊರಿಲ್ಲಾಗಳು ಮತ್ತೆ ಹೆಚ್ಚಿ, ಎರಡೂ ಕಾಡುಗಳನ್ನು ಸೇರಿಸಿ ಎಣಿಸಿದಾಗ ಇತ್ತೀಚಿನ ಗಣತಿಯಲ್ಲಿ 1000ವನ್ನು ದಾಟಿವೆ.

ಇದನ್ನೋದಿದವರಿಗೆ, ಕೊಪ್ಪಳದಲ್ಲಿಯೂ ಹೀಗೆಯೇ ಮಾಡಬಾರದೇಕೆ ಎಂಬ ಆಸೆ ಹುಟ್ಟುವುದು ಸಹಜ. ಮಾಡಬಾರದು. ಗೊರಿಲ್ಲಾ ಸೊಪ್ಪು ತಿನ್ನುವ ಜೀವಿ. ಅದು ಮನುಷ್ಯನ ಅಂಜಿಕೆಯನ್ನು ಬಿಟ್ಟದ್ದರಿಂದ ಉಳಿಯಿತು. ತೋಳ ಮಾಂಸಾಹಾರಿ, ಅದರ ಊಟ ಮನುಷ್ಯನ ಹಟ್ಟಿಯಲ್ಲಿದೆ. ಅದು ಮನುಷ್ಯನಿಗೆ ಅಂಜುತ್ತಿರುವುದರಿಂದಲೇ ಉಳಿದಿದೆ. ಸಂದರ್ಶಕರ ಮೋಟಾರಿಗೆ ಒಗ್ಗಿಹೋದ ತೋಳ ನಾಳೆ ಕೊಡಲಿ ಹಿಡಿದವನ ಮುಂದೆಯೂ ನಿಂತೀತು. 2024ರಲ್ಲಿ ಉತ್ತರ ಪ್ರದೇಶದ ಬಹ್ರೈಚ್ ಜಿಲ್ಲೆಯಲ್ಲಿ ತೋಳಗಳು ಮಕ್ಕಳನ್ನು ಹೊತ್ತೊಯ್ದ ಸುದ್ದಿ ದೇಶವನ್ನೇ ನಡುಗಿಸಿತು. ಅಂಥದು ಅಪರೂಪವೆಂಬ ಮಾತು ನಿಜ. ಆದರೆ ಮಗುವನ್ನು ಕಳೆದುಕೊಂಡ ಮನೆಯಲ್ಲಿ ಆ ಮಾತನ್ನು ಆಡುವ ಧೈರ್ಯ ಯಾರಿಗಿದೆ? ಮನುಷ್ಯನಿಗೂ ತೋಳಕ್ಕೂ ನಡುವೆ ಒಂದು ಗುಡ್ಡದಷ್ಟು ಅಂತರವಿರುವುದು ಇಬ್ಬರಿಗೂ ಕ್ಷೇಮ.

ಈ ಅಂತರದ ಲೆಕ್ಕವನ್ನು ತಲೆಮಾರುಗಳಿಂದ ಬಲ್ಲವನು ಕುರಿಗಾಹಿ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತ ಊರಿಂದೂರಿಗೆ ಸಾಗುವ ಕುರುಬರು, ರಾತ್ರಿ ಬಲೆ ಕಟ್ಟಿ, ನಾಯಿ ಬಿಟ್ಟು, ಕಂಬಳಿ ಹೊದ್ದು ಮಂದೆಯ ಮಗ್ಗುಲಲ್ಲಿಯೇ ಮಲಗುತ್ತಾರೆ. ಯಾವ ಗುಡ್ಡದ ಕಡೆಯಿಂದ ಊಳಿಡುವ ಸದ್ದು ಬಂತು, ಯಾವ ಹಳ್ಳದ ದಂಡೆಯಲ್ಲಿ ಮರಿ ಹಾಕಿದೆ ಎಂಬುದು ಅವರಿಗೆ ತಿಳಿದಷ್ಟು ದುರ್ಬೀನು ಹಿಡಿದವರಿಗೆ ತಿಳಿಯದು. ಜಾಡು ಹುಡುಕುವ ಸಂಶೋಧಕರು ಮೊದಲು ಹುಡುಕುವುದು ಇಂಥ ಒಬ್ಬ ಕುರಿಗಾರನನ್ನು. ತೋಳ ಒಯ್ದ ಮರಿಯನ್ನು ಅದರ ಪಾಲೆಂದು ತಿಳಿದು ಸುಮ್ಮನಾಗುವ ಹಿರಿಯರು ಅವರಲ್ಲಿ ಇದ್ದಾರೆ. ಎಲ್ಲರೂ ಹಾಗಿಲ್ಲ, ಗವಿಯ ಬಾಯಿಗೆ ಹೊಗೆಯಿಟ್ಟು ಮರಿಗಳನ್ನು ಕೊಲ್ಲುವುದು, ಸತ್ತ ಕುರಿಗೆ ವಿಷ ಸವರಿ ಬಿಡುವುದು ದಖ್ಖನಿನ ಬಯಲಿನಲ್ಲಿ ಹೊಸತೇನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತೋಳವನ್ನು ಹುಲಿಯ ಸಾಲಿನಲ್ಲಿಯೇ ನಿಲ್ಲಿಸಿದೆ. ಆದರೆ ಹುಲಿಯನ್ನು ನೋಡಲು ಬರುವವರ ಹಣದಿಂದ ಕಾಡಂಚಿನಲ್ಲಿ ಕೆಲವರಾದರೂ ಬದುಕುತ್ತಾರೆ. ತೋಳದಿಂದ ಕುರಿಗಾಹಿಗೆ ಬರುವುದು ನಷ್ಟವೊಂದೇ. ಸರ್ಕಾರದ ಪರಿಹಾರವುಂಟು, ನಿಜ. ಸತ್ತ ಕುರಿಯ ಗುರುತು ಹಿಡಿಸಿ, ಪಂಚನಾಮೆ ಮಾಡಿಸಿ, ಕಚೇರಿಗೆ ಅಲೆಯುವಷ್ಟರಲ್ಲಿ ಅಲೆಮಾರಿ ಮಂದೆ ಇನ್ನೊಂದು ತಾಲ್ಲೂಕು ಸೇರಿರುತ್ತದೆ.

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಗಳಿಗಾಗಿಯೇ ಒಂದು ವನ್ಯಧಾಮ ಆಗಿದೆ. 1976ರಲ್ಲಿ, ಇಂದು ಜಾರ್ಖಂಡವೆನಿಸಿರುವ ಸೀಮೆಯಲ್ಲಿ, ಮಹುವಾಡಾಂಡ್ ಧಾಮ ಸ್ಥಾಪನೆಯಾದ ಬಳಿಕ ದೇಶದಲ್ಲಿ ಇದು ಎರಡನೆಯದು, ಕರ್ನಾಟಕದಲ್ಲಿ ಮೊದಲನೆಯದು. ಬೋಳುಗುಡ್ಡ, ಕುರುಚಲು, ಬಂಡೆಗಳ ನಡುವಣ ಸಹಜ ಗವಿಗಳು ಇರುವ ಆ ಜಾಗದ ವಿಸ್ತಾರ ಸುಮಾರು 332 ಹೆಕ್ಟೇರ್. ಸಂತೋಷಪಡಬೇಕಾದ ಸಂಗತಿಯೇ. ಆದರೆ ಒಂದು ತೋಳದ ಕುಟುಂಬಕ್ಕೆ ತಿರುಗಾಡಲು ನೂರು ಇನ್ನೂರು ಚದರ ಕಿಲೋಮೀಟರ್ ಬೇಕು. 332 ಹೆಕ್ಟೇರ್ ಎಂದರೆ ನಾಲ್ಕು ಚದರ ಕಿಲೋಮೀಟರಿಗೂ ಕಡಿಮೆ. ಧಾಮವು ತೋಳಕ್ಕೆ ಬಾಣಂತಿಕೋಣೆಯಾದೀತು, ಮನೆಯಾಗಲಾರದು. ಗಡಿಯಾಚೆ ಕಾಲಿಟ್ಟೊಡನೆ ಅದು ಮತ್ತೆ ಕುರಿಗಾಹಿಯ ನೆರೆಯವನು.

ಆ ನೆರೆಯೂ ದಿನದಿನಕ್ಕೆ ಕಿರಿದಾಗುತ್ತಿದೆ. ಹುಲ್ಲುಗಾವಲಿನ ನಡುವೆ ಗಾಳಿಯಂತ್ರಗಳ ದಾರಿಗಳು ಬಿದ್ದಿವೆ, ಕೊಪ್ಪಳದ ಸುತ್ತ ಉಕ್ಕಿನ ಕಾರ್ಖಾನೆಗಳು ಎದ್ದಿವೆ. ಊರ ಕಸದಲ್ಲಿ ಕೊಬ್ಬಿದ ನಾಯಿಗಳಿಂದ ಹುಚ್ಚು ಮೊದಲಾದ ರೋಗಗಳು ತೋಳಗಳಿಗೆ ಅಂಟುವ ಭಯ ಒಂದಾದರೆ, ರಕ್ತ ಬೆರೆಯುವ ಭಯ ಇನ್ನೊಂದು. ಪುಣೆಯ ಬಳಿ ನಾಯಿ ಮತ್ತು ತೋಳದ ಬೆರಕೆಯ ಪ್ರಾಣಿ 2023ರಲ್ಲಿ ಪರೀಕ್ಷೆಯಿಂದಲೇ ದೃಢಪಟ್ಟಿದೆ. ಭಾರತದ ತೋಳ ಜಗತ್ತಿನ ತೋಳಗಳ ವಂಶದಲ್ಲಿ ಬಹು ಪ್ರಾಚೀನವಾದ ಕವಲೆಂದು ವಂಶವಾಹಿಗಳನ್ನು ಪರಿಶೀಲಿಸಿದ ವಿಜ್ಞಾನಿಗಳು ತಿಳಿಸಿದ್ದಾರೆ. ದೇಶದಲ್ಲೆಲ್ಲ ಅದರ ಸಂಖ್ಯೆ 3000ದ ಆಸುಪಾಸು ಎಂಬ ಅಂದಾಜಿದೆ. ಅಂದರೆ, ಹುಲಿಗಿಂತ ಹೆಚ್ಚೇನೂ ಇಲ್ಲ.

ಬಂಕಾಪುರದ ಗವಿಯೊಂದರಲ್ಲಿ 2025ರಲ್ಲಿ ಒಂದು ಹೆಣ್ಣುತೋಳ ಎಂಟು ಮರಿ ಹಾಕಿತು. ಕುರುಡಾಗಿ ಹುಟ್ಟುವ ಮರಿಗಳು ಕಣ್ಣು ಬಿಡುವುದಕ್ಕೆ ಹತ್ತು ಹನ್ನೆರಡು ದಿನ ಬೇಕು. ಗವಿಯ ಬಾಯಿಗೆ ಬಂದು ಬಿಸಿಲು ಕಾಣುವುದು ಮೂರು ವಾರ ಕಳೆದ ಮೇಲೆ. ಅಲ್ಲಿಯವರೆಗೆ ಬೇಟೆಯ ಭಾರ ಗಂಡಿನದು. ದೂರದಲ್ಲಿ ತಿಂದು ಹೊಟ್ಟೆಯಲ್ಲಿ ಹೊತ್ತು ತಂದ ಮಾಂಸವನ್ನು ಅದು ಮನೆಯವರ ಮುಂದೆ ಕಕ್ಕುತ್ತದೆ. ವೃಕೋದರನ ಹೊಟ್ಟೆಗೆ ಇಂಥದೊಂದು ಉಪಯೋಗವುಂಟೆಂಬುದನ್ನು ಗಾದೆ ಕಟ್ಟಿದವರು ನೋಡಿರಲಿಕ್ಕಿಲ್ಲ. ಮನುಷ್ಯನ ವಾಸನೆ ಗವಿಯ ಹತ್ತಿರ ಸುಳಿಯಿತೆಂದರೆ ತಾಯಿ ಆ ರಾತ್ರಿಯೇ ಒಂದೊಂದು ಮರಿಯನ್ನೂ ಬಾಯಲ್ಲಿ ಕಚ್ಚಿ ಬೇರೆ ಕಡೆಗೆ ಸಾಗಿಸುತ್ತದೆ. ಸಾಗಿಸುವಾಗ ಕೆಲವು ಮರಿ ದಕ್ಕದೆ ಹೋಗುವುದೂ ಉಂಟು. ಆದಕಾರಣ ಮರಿ ಇರುವ ತಿಂಗಳುಗಳಲ್ಲಿ ಬಲ್ಲ ಜಾಡುಗಾರರು ಹೆಜ್ಜೆಯನ್ನು ಗವಿಯವರೆಗೆ ಹಿಡಿಯುವುದಿಲ್ಲ. ಎದುರು ಗುಡ್ಡದ ಬಂಡೆಯ ಮರೆಯಲ್ಲಿ, ಗಾಳಿ ತಮ್ಮ ಕಡೆಗೆ ಬೀಸುವಂತೆ ಕುಳಿತು, ಕಂಡಷ್ಟನ್ನು ಕಂಡು, ಬಿಸಿಲೇರುವ ಮುಂಚೆ ಬಂದ ದಾರಿಯಲ್ಲಿಯೇ ಇಳಿದುಹೋಗುತ್ತಾರೆ.